ಬೇಲಿಗೆ ಮುನ್ನ ಬಾಂದುಕಲ್ಲು

2017ರ ಜೂನ್ 30ರ ರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಜಿಎಸ್‌ಟಿ ಜಾರಿಯ ಸಮಾರಂಭ ನಡೆಯುತ್ತಿದ್ದಾಗ ನಾವು ಏಳು ಜನ ಬೆಂಗಳೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆವು. ಅಂಗಡಿಗಳ ಸರಣಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡ ನಮ್ಮದು. ಬೆಳಿಗ್ಗೆ ಅಂಗಡಿಯ ಶಟರ್ ಏಳುವ ಹೊತ್ತಿಗೆ ವ್ಯಾಟ್ ಹೋಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂಬ ಎರಡು ಸಾಲು ಬಿಲ್ಲಿನ ಮೇಲೆ ಬರಬೇಕಿತ್ತು. ವಾರಗಟ್ಟಲೆ ತಯಾರಿ ಮಾಡಿಕೊಂಡಿದ್ದೆವು. ಆದರೂ ರಾತ್ರಿ ಹನ್ನೊಂದು ದಾಟಿದ ಮೇಲೂ ತೆರಿಗೆಯ ಲೆಕ್ಕ ಹೊಸ ಹೊಸ ಮೂಲೆಯಲ್ಲಿ ಸಿಗುತ್ತಲೇ ಇತ್ತು. ಬಿಲ್ ಮಾಡುವ ಪರದೆಯಲ್ಲಿ ಒಂದು ಲೆಕ್ಕ. ಸರಕು ವಾಪಸ್ ತೆಗೆದುಕೊಳ್ಳುವ ಕಡೆ ಅದರದೇ ನಕಲು, ಯಾರೋ ಸ್ವಲ್ಪ ತಿದ್ದಿದ್ದು. ಗೋದಾಮಿನಿಂದ ಅಂಗಡಿಗೆ ಮಾಲು ಕಳಿಸುವ ಚಲನ್‌ನಲ್ಲಿ ಮತ್ತೊಂದು. ತಿಂಗಳ ವರದಿ ತೆಗೆಯುವ ಕ್ವೆರಿಯೊಳಗೆ 14.5 ಎಂಬ ಕರ್ನಾಟಕದ ವ್ಯಾಟ್ ದರ ಅಂಕಿಯಾಗಿಯೇ ಕೂತಿತ್ತು. ಗ್ರಾಹಕರಿಗೆ ಕೊಡುವ ಪಾಯಿಂಟ್‌ಗಳಿಗೂ ತೆರಿಗೆ ಕಳೆದ ಮೊತ್ತ ಬೇಕು. ಅಲ್ಲೂ ಒಂದು ಭಾಗಾಕಾರ.

ಬೆಳಗಿನ ಜಾವಕ್ಕೆ ಹೇಗೋ ಮುಗಿಸಿದೆವು. ಅದೇ ವರ್ಷ ನವೆಂಬರ್ 15ರಿಂದ 178 ಬಗೆಯ ಸರಕುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಾಗ ಮತ್ತೆ ಅದೇ ಹುಡುಕಾಟ. ಆ ಡಿಸೆಂಬರ್‌ನಲ್ಲಿ ಮೇಲಿನವರು ಒಂದು ತೀರ್ಮಾನಕ್ಕೆ ಬಂದರು: ಎಲ್ಲವೂ ಒಂದೇ ತುಂಡಾಗಿರುವ ಈ ಮೊನೊಲಿತ್ ಸಾಕು, ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಪ್ರೋಗ್ರಾಮ್ ಇರುವ ಮೈಕ್ರೊಸರ್ವಿಸ್‌ಗೆ ಹೋಗೋಣ. ಒಂದೂವರೆ ವರ್ಷ ಕಷ್ಟಪಟ್ಟು ಒಡೆದೆವು. ಒಡೆದು ಮುಗಿದ ಮೇಲೆ ನೋಡಿದರೆ ತೆರಿಗೆಯ ಲೆಕ್ಕ ಬಿಲ್ ಸರ್ವಿಸ್, ವಾಪಸಾತಿ ಸರ್ವಿಸ್, ದಾಸ್ತಾನು ಸರ್ವಿಸ್, ವರದಿ ಸರ್ವಿಸ್, ಪಾಯಿಂಟ್ ಸರ್ವಿಸ್ ಹೀಗೆ ಐದು ಕಡೆ ಹಂಚಿಹೋಗಿತ್ತು. ಮೊದಲು ಒಂದು ದರ ಬದಲಾದರೆ ಒಂದು ಪ್ಯಾಕೇಜ್ ಕಳಿಸಿದರೆ ಆಗುತ್ತಿತ್ತು. ಈಗ ಐದು ತಂಡಗಳು ಒಂದೇ ರಾತ್ರಿ ಒಟ್ಟಿಗೆ ಕೂರಬೇಕು.

ಅಂದಿನಿಂದ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಒಡೆದವರ ಕತೆಯನ್ನೂ ಒಡೆದು ಮತ್ತೆ ಜೋಡಿಸಿದವರ ಕತೆಯನ್ನೂ. ಹಳ್ಳಿಯಲ್ಲಿ ಜಮೀನು ಪಾಲಾಗುವಾಗ ಮೊದಲು ಸರ್ವೆಯವರನ್ನು ಕರೆಸಿ ಹದ್ದುಬಸ್ತು ಮಾಡಿಸುತ್ತಾರೆ, ಬಾಂದುಕಲ್ಲು ನೆಡುತ್ತಾರೆ, ಆಮೇಲೆ ಬೇಲಿ. ಸಾಫ್ಟ್‌ವೇರ್‌ನಲ್ಲಿ ನಾವು ಬೇಲಿಯನ್ನೇ ಮೊದಲು ಹಾಕಿದ್ದೆವು. ಯಾವ ಕೆಲಸ ಯಾರದ್ದು, ಯಾವ ಮಾಹಿತಿ ಯಾರ ವಶದಲ್ಲಿರಬೇಕು ಎಂಬ ಗಡಿ ಗೊತ್ತಾಗದೆ ನೆಟ್‌ವರ್ಕಿನ ಬೇಲಿ ಎಳೆದರೆ ಆಗುವ ಅನಾಹುತವೇ ಈ ಕ್ಷೇತ್ರದ ಬಹುಪಾಲು ಸೋಲಿನ ಕತೆ ಎಂಬುದು ನನ್ನ ತಿಳಿವಳಿಕೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ ಮೊನೊಲಿತ್‌ಗೆ ಸಲ್ಲಬೇಕಾದ ಗೌರವ ಸಲ್ಲಲಿ. ಏಕಶಿಲೆ ಎಂಬ ಮಾತು ಕನ್ನಡದಲ್ಲಿ ಹೊಗಳಿಕೆಯ ಮಾತು. ಶ್ರವಣಬೆಳಗೊಳದ ಗೊಮ್ಮಟನನ್ನು ನೆನೆದು ಹೇಳುವ ಮಾತು. ಸಾಫ್ಟ್‌ವೇರ್ ಲೋಕದಲ್ಲಿ ಮಾತ್ರ ಅದು ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಬೈಗುಳವಾಗಿದೆ. ಒಂದೇ ಕೋಡ್, ಒಂದೇ ಡೇಟಾಬೇಸ್, ಒಂದೇ ಸಲಕ್ಕೆ ಸರ್ವರ್‌ಗೆ ಏರುವ ಪ್ಯಾಕೇಜ್: ಇಷ್ಟೇ ಅದರ ಲಕ್ಷಣ. ಹೊಸದಾಗಿ ಸೇರಿದ ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಇಡೀ ಸಿಸ್ಟಮ್ ಓಡಿಸಿ ನೋಡಬಹುದು. ತಪ್ಪಾದರೆ ಒಂದೇ ಲಾಗ್ ಫೈಲ್ ತೆರೆದರೆ ಸಾಕು. ಎಲ್ಲಕ್ಕಿಂತ ದೊಡ್ಡದಾಗಿ, ಡೇಟಾಬೇಸ್ ಟ್ರಾನ್ಸಾಕ್ಷನ್ ಎಂಬ ವರ ಅಲ್ಲಿ ಪುಕ್ಕಟೆ ಸಿಗುತ್ತದೆ. ಬಿಲ್ ಆಗಬೇಕು, ದಾಸ್ತಾನು ಕಡಿಮೆಯಾಗಬೇಕು, ಪಾಯಿಂಟ್ ಸೇರಬೇಕು. ಮೂರೂ ಆಗುತ್ತವೆ, ಇಲ್ಲವೇ ಮೂರೂ ಆಗುವುದಿಲ್ಲ. ನಡುವೆ ಕರೆಂಟ್ ಹೋದರೂ ಲೆಕ್ಕ ತಪ್ಪುವುದಿಲ್ಲ. ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ದಿನವೂ ಎಡತಾಕುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ ತಾಣ ಎಷ್ಟೋ ವರ್ಷ ಬೆರಳೆಣಿಕೆಯ ವೆಬ್ ಸರ್ವರ್‌ಗಳ ಮೇಲೆ, ಬಹುಮಟ್ಟಿಗೆ ಒಂದೇ ಅಪ್ಲಿಕೇಶನ್ನಾಗಿ ಓಡಿತು.

ಹಾಗಾದರೆ ಒಡೆಯುವ ಮಾತು ಬಂದದ್ದು ಎಲ್ಲಿಂದ? ಬೇರು ಹಳೆಯದು. 1972ರಲ್ಲಿ ಡೇವಿಡ್ ಪಾರ್ನಾಸ್ ಒಂದು ಪ್ರಬಂಧ ಬರೆದು, ಪ್ರೋಗ್ರಾಮನ್ನು ಭಾಗ ಮಾಡುವಾಗ ಕೆಲಸದ ಹಂತಗಳಿಗೆ ತಕ್ಕಂತೆ ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಭಾಗದೊಳಗೆ ಬಚ್ಚಿಡಿ ಎಂದರು. ನಮ್ಮ ತೆರಿಗೆ ದರದ ಗೋಳಿಗೆ ಮದ್ದು ನಲವತ್ತೈದು ವರ್ಷ ಮೊದಲೇ ಬರೆದಿಟ್ಟಂತೆ ಇತ್ತು. ಅದಕ್ಕೂ ಮೊದಲು, 1968ರಲ್ಲಿ ಮೆಲ್ವಿನ್ ಕಾನ್ವೇ ಇನ್ನೊಂದು ಸತ್ಯ ಹೇಳಿದ್ದರು: ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅದು ಕಟ್ಟುವ ಸಿಸ್ಟಮ್ಮಿನ ರೂಪವೂ ಹಾಗೇ ಆಗುತ್ತದೆ. ಈ ಎರಡು ಮಾತನ್ನು ಒಟ್ಟಿಗಿಟ್ಟರೆ ಮೈಕ್ರೊಸರ್ವಿಸ್ ಚರ್ಚೆಯ ಮುಕ್ಕಾಲು ಭಾಗ ಬಂದುಬಿಡುತ್ತದೆ.

ಅಮೆಜಾನ್‌ನಲ್ಲಿ ತೊಂದರೆ ಶುರುವಾದದ್ದು ಜನರ ಸಂಖ್ಯೆಯಿಂದ. ನೂರಾರು ಎಂಜಿನಿಯರುಗಳು ಒಂದೇ ಕೋಡಿನಲ್ಲಿ ಕೈಯಾಡಿಸುವಾಗ ಒಬ್ಬರ ಬದಲಾವಣೆ ಇನ್ನೊಬ್ಬರದಕ್ಕೆ ಕಾಯಬೇಕು, ಒಬ್ಬರ ಬಗ್ ಎಲ್ಲರ ರಿಲೀಸನ್ನೂ ತಡೆಯುತ್ತದೆ. 2002ರ ಸುಮಾರಿಗೆ ಜೆಫ್ ಬೆಜೋಸ್ ಅಲ್ಲಿ ಹೊರಡಿಸಿದ ಆದೇಶದ ಕತೆ ಈ ವೃತ್ತಿಯಲ್ಲಿರುವವರಿಗೆಲ್ಲ ಗೊತ್ತು. ಪ್ರತಿ ತಂಡವೂ ತನ್ನ ಮಾಹಿತಿಯನ್ನು ಸರ್ವಿಸ್ ಮೂಲಕವೇ ಕೊಡಬೇಕು, ಇನ್ನೊಂದು ತಂಡದ ಡೇಟಾಬೇಸಿಗೆ ನೇರವಾಗಿ ಕೈಹಾಕುವಂತಿಲ್ಲ. ಬೇಲಿಗಿಂತ ಮೊದಲು ಒಡೆತನ ತೀರ್ಮಾನವಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. 2006ರಲ್ಲಿ ಅದೇ ಕಂಪನಿಯ ವರ್ನರ್ ವೋಗೆಲ್ಸ್ ಒಂದು ಸಂದರ್ಶನದಲ್ಲಿ, ಕಟ್ಟಿದವರೇ ಓಡಿಸಬೇಕು ಎಂಬ ನಿಯಮವನ್ನು ವಿವರಿಸಿದರು. ಕೋಡ್ ಬರೆದು ಇನ್ನೊಂದು ವಿಭಾಗದ ತಲೆಗೆ ಕಟ್ಟುವಂತಿಲ್ಲ. ರಾತ್ರಿ ಎರಡಕ್ಕೆ ಸರ್ವಿಸ್ ಬಿದ್ದರೆ ಬರೆದವರ ಫೋನೇ ರಿಂಗಾಗುತ್ತದೆ.

ನೆಟ್‌ಫ್ಲಿಕ್ಸ್ ದಾರಿ ಬೇರೆ. 2008ರ ಆಗಸ್ಟ್‌ನಲ್ಲಿ ಅವರ ಮುಖ್ಯ ಡೇಟಾಬೇಸ್ ಕೆಟ್ಟಿತು. ಆಗ ಅವರದು ಅಂಚೆಯಲ್ಲಿ ಡಿವಿಡಿ ಕಳಿಸುವ ವ್ಯಾಪಾರ. ಮೂರು ದಿನ ಒಂದು ಡಿವಿಡಿಯೂ ಹೊರಡಲಿಲ್ಲ. ಒಂದು ಕಡೆ ಕೆಟ್ಟರೆ ಎಲ್ಲ ನಿಲ್ಲುವ ವ್ಯವಸ್ಥೆ ಬೇಡ ಎಂದು ನಿರ್ಧರಿಸಿ ಕ್ಲೌಡ್ ಕಡೆಗೆ ಹೊರಟರು. ಇದ್ದದ್ದನ್ನು ಹಾಗೇ ಎತ್ತಿ ಅಲ್ಲಿಡಲಿಲ್ಲ, ಒಂದೊಂದೇ ಭಾಗವನ್ನು ಹೊಸದಾಗಿ ಬರೆದರು. ಪೂರ್ತಿ ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷಕ್ಕೂ ಮೇಲೆ. ಕೊನೆಯವರೆಗೂ ಹಿಂದುಳಿದದ್ದು ಬಿಲ್ಲಿಂಗ್, ಅಂದರೆ ಹಣದ ಲೆಕ್ಕ. ನಮ್ಮಲ್ಲಿ ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆಂದು ಟೆಂಡರ್ ಬರೆಯುವವರು ಈ ಏಳು ವರ್ಷವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಮೈಕ್ರೊಸರ್ವಿಸ್ ಎಂಬ ಹೆಸರು 2011ರಲ್ಲಿ ವೆನಿಸ್ ಬಳಿ ಸೇರಿದ್ದ ಕೆಲವು ಸಾಫ್ಟ್‌ವೇರ್ ವಾಸ್ತುಗಾರರ ಕಾರ್ಯಾಗಾರದಲ್ಲಿ ಕೇಳಿಬಂತು. 2014ರ ಮಾರ್ಚ್‌ನಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಬರೆದ ಲೇಖನ ಅದನ್ನು ಮನೆಮಾತಾಗಿಸಿತು. ಡಾಕರ್ 2013ರಲ್ಲಿ, ಕ್ಯೂಬರ್ನೆಟೀಸ್ 2014ರಲ್ಲಿ ಬಂದು ನೂರಾರು ಸಣ್ಣ ಪ್ರೋಗ್ರಾಮ್‌ಗಳನ್ನು ಒಟ್ಟಿಗೆ ಓಡಿಸುವ ಕೆಲಸವನ್ನು ಸುಲಭ ಮಾಡಿದವು. ಸುಲಭವಾದದ್ದು ಓಡಿಸುವುದು. ಎಲ್ಲಿ ಒಡೆಯಬೇಕು ಎಂಬ ಪ್ರಶ್ನೆಗೆ ಈ ಸಲಕರಣೆಗಳಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಒಡೆಯುವ ವಿಧಾನದ ಬಗ್ಗೆ ಮಾತ್ರ ಅನುಭವಿಗಳಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆ ವಿಧಾನಕ್ಕೆ ಹೆಸರು ಬಂದದ್ದು ಒಂದು ಮರದಿಂದ. ಫೌಲರ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿನಲ್ಲಿ ಇನ್ನೊಂದು ಮರವನ್ನು ಅಪ್ಪಿ ಬೆಳೆಯುವ ಆಲದ ಜಾತಿಯ ಮರಗಳನ್ನು ನೋಡಿದ್ದರು. 2004ರಲ್ಲಿ ಅದನ್ನೇ ಹೋಲಿಕೆಯಾಗಿ ಬಳಸಿ ಬರೆದರು. ಅದನ್ನು ನೋಡಲು ನಾವು ಕ್ವೀನ್ಸ್‌ಲ್ಯಾಂಡಿಗೆ ಹೋಗಬೇಕಿಲ್ಲ. ಬಯಲುಸೀಮೆಯಲ್ಲಿ ಈಚಲ ಮರವನ್ನು ತಬ್ಬಿ ನಿಂತ ಆಲ, ಕರಾವಳಿಯಲ್ಲಿ ತಾಳೆಯನ್ನು ಸುತ್ತಿದ ಗೋಳಿ ಎಲ್ಲರೂ ಕಂಡದ್ದೇ. ಹಣ್ಣು ತಿಂದ ಹಕ್ಕಿ ಮರದ ಕವಲಲ್ಲಿ ಬೀಜ ಬೀಳಿಸುತ್ತದೆ. ಗಿಡ ಅಲ್ಲೇ ಮೊಳೆತು, ನಿಧಾನಕ್ಕೆ ನೆಲದತ್ತ ಬೇರು ಇಳಿಬಿಡುತ್ತದೆ. ಬೇರು ಮಣ್ಣು ಮುಟ್ಟುವವರೆಗೆ ಹಳೆಯ ಮರವೇ ಅದಕ್ಕೆ ಆಸರೆ. ವರ್ಷಗಳು ಕಳೆದು ಒಳಗಿನ ಮರ ಒಣಗುವ ಹೊತ್ತಿಗೆ ಹೊರಗಿನದು ತನ್ನ ಕಾಲ ಮೇಲೆ ನಿಂತಿರುತ್ತದೆ.

ಸಾಫ್ಟ್‌ವೇರ್‌ನಲ್ಲಿ ಇದನ್ನು ಮಾಡುವುದು ಹೀಗೆ. ಹಳೆಯ ಸಿಸ್ಟಮ್ಮಿನ ಮುಂದೆ ಬಾಗಿಲು ಕಾಯುವವನಂತೆ ಒಂದು ಪ್ರಾಕ್ಸಿ ಇಡುತ್ತಾರೆ. ಮೊದಲ ದಿನ ಅದು ಬಂದ ಕೋರಿಕೆಗಳನ್ನೆಲ್ಲ ಒಳಗೆ ಬಿಡುತ್ತದೆ, ಬೇರೇನೂ ಮಾಡುವುದಿಲ್ಲ. ಆಮೇಲೆ ಒಂದು ಸಣ್ಣ ಕೆಲಸ ಆರಿಸಿಕೊಳ್ಳುತ್ತಾರೆ. ಉದಾಹರಣೆಗೆ ಗ್ರಾಹಕರ ಪಾಯಿಂಟ್. ಅದನ್ನು ಹೊಸ ಸರ್ವಿಸ್ಸಾಗಿ ಬರೆದು, ಕೆಲವು ವಾರ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ ಎರಡರ ಉತ್ತರವನ್ನು ಹೋಲಿಸುತ್ತಾರೆ. ನನ್ನ ಅನುಭವದಲ್ಲಿ ಅತ್ಯಂತ ಬೆಲೆಬಾಳುವ ಹಂತ ಇದೇ. ಎರಡರ ಉತ್ತರ ಬೇರೆ ಬಂದಾಗಲೆಲ್ಲ ಹೊಸದರಲ್ಲಿ ತಪ್ಪಿದೆ ಎಂದು ಹೊರಟರೆ, ಎಷ್ಟೋ ಸಲ ಯಾರೂ ಎಲ್ಲೂ ಬರೆದಿಡದ ಹಳೆಯ ನಿಯಮವೊಂದು ಮೇಲೆ ಬರುತ್ತದೆ. ನಮಗೆ ಹಾಗೆ ಸಿಕ್ಕಿದ್ದು: ಪೈಸೆಯ ಉಳಿಕೆಯನ್ನು ವಾಪಸಾತಿ ಬಿಲ್ಲಿನಲ್ಲಿ ಕೆಳಕ್ಕೆ, ಮಾರಾಟದ ಬಿಲ್ಲಿನಲ್ಲಿ ಹತ್ತಿರದ ರೂಪಾಯಿಗೆ ಸರಿದೂಗಿಸುತ್ತಿದ್ದ ನಾಲ್ಕು ಸಾಲು ಕೋಡ್. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಅಂಗಡಿಯ ಲೆಕ್ಕಿಗರು ಮಾತ್ರ ಆ ನಿಯಮವನ್ನು ನಂಬಿ ದಿನದ ಖಾತೆ ಮುಚ್ಚುತ್ತಿದ್ದರು. ಹೋಲಿಕೆ ಸರಿಬಂದ ಮೇಲೆ ಪ್ರಾಕ್ಸಿ ನೂರರಲ್ಲಿ ಒಂದು ಕೋರಿಕೆಯನ್ನು ಹೊಸದಕ್ಕೆ ತಿರುಗಿಸುತ್ತದೆ, ಆಮೇಲೆ ಹತ್ತು, ಆಮೇಲೆ ಎಲ್ಲ. ಎಡವಿದರೆ ಒಂದು ಕ್ಷಣದಲ್ಲಿ ಹಿಂದಕ್ಕೆ. ಕೊನೆಗೆ ಹಳೆಯ ಕೋಡನ್ನು ಅಳಿಸಬೇಕು. ಬಹಳ ತಂಡಗಳು ಅಳಿಸುವುದೇ ಇಲ್ಲ. ಅಳಿಸದಿದ್ದರೆ ಎರಡು ಮರಕ್ಕೂ ನೀರು ಹಾಕುತ್ತಾ ಕೂರಬೇಕಾಗುತ್ತದೆ.

ಇದಕ್ಕೆ ಎದುರಾದ ದಾರಿ, ಒಂದೇ ವಾರಾಂತ್ಯದಲ್ಲಿ ಎಲ್ಲವನ್ನೂ ಸಾಗಿಸುವುದು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಮಾಡಿದ್ದು ಅದನ್ನೇ. ಅದು ಮೈಕ್ರೊಸರ್ವಿಸ್ ಕತೆಯಲ್ಲ, ಒಂದು ಬ್ಯಾಂಕಿಂಗ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋದ ಕತೆ. ಆದರೂ ಸ್ಥಳಾಂತರದ ಮಾತು ಬಂದಾಗ ಅದನ್ನು ಬಿಡುವಂತಿಲ್ಲ. 52 ಲಕ್ಷ ಗ್ರಾಹಕರ ಮಾಹಿತಿ ಸರಿಯಾಗಿಯೇ ಹೊಸ ಜಾಗ ಸೇರಿತು. ಆದರೆ ಗ್ರಾಹಕರ ದಟ್ಟಣೆ ಹೊಸ ವ್ಯವಸ್ಥೆಯ ಮೇಲೆ ಬಿದ್ದಾಗ ಅದು ತಡೆದುಕೊಳ್ಳಲಿಲ್ಲ. 19 ಲಕ್ಷದವರೆಗೆ ಜನ ತಮ್ಮ ಖಾತೆಗೆ ತಾವೇ ಹೋಗಲಾಗದೆ ಪರದಾಡಿದರು. ಪೂರ್ತಿ ಸರಿಯಾಗಲು ಆ ಡಿಸೆಂಬರ್ ಬಂತು. 2022ರ ಕೊನೆಗೆ ಅಲ್ಲಿನ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ ಪೌಂಡ್. ಹಂತ ಹಂತವಾಗಿ ಹೋಗಿದ್ದರೆ ಮೊದಲ ಕೆಲವು ಸಾವಿರ ಗ್ರಾಹಕರಲ್ಲೇ ತಪ್ಪು ಗೊತ್ತಾಗುತ್ತಿತ್ತು.

ಈಗ ನಿಜವಾಗಿ ಕಷ್ಟವಾದ ಭಾಗಕ್ಕೆ ಬರುತ್ತೇನೆ. ಕೋಡ್ ಒಡೆಯುವುದು ಕೈಕೆಲಸ. ಡೇಟಾಬೇಸ್ ಒಡೆಯುವುದು ಮನೆಯೊಳಗಿನ ನ್ಯಾಯ. ನಮ್ಮಲ್ಲಿ ಸರಕು ಎಂಬ ಒಂದೇ ಟೇಬಲ್ ಇತ್ತು. ಬಿಲ್ಲಿನವರಿಗೆ ಸರಕು ಎಂದರೆ ಬೆಲೆ ಮತ್ತು ತೆರಿಗೆ. ಗೋದಾಮಿನವರಿಗೆ ತೂಕ, ಪೆಟ್ಟಿಗೆಯಲ್ಲಿ ಎಷ್ಟು, ಯಾವ ಕಪಾಟು. ಖರೀದಿಯವರಿಗೆ ಯಾವ ಪೂರೈಕೆದಾರ, ಎಷ್ಟು ದಿನದ ಸಾಲ. ಒಂದೇ ಹೆಸರು, ಮೂರು ಅರ್ಥ. ಎರಿಕ್ ಇವಾನ್ಸ್ 2003ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಒಂದು ಪದ ಒಂದೇ ಅರ್ಥದಲ್ಲಿ ನಿಲ್ಲುವ ಪ್ರದೇಶವನ್ನು ಗುರುತಿಸಿ, ಅದರ ಅಂಚೇ ನಿಮ್ಮ ಗಡಿ. ಬಾಂದುಕಲ್ಲು ನೆಡಬೇಕಾದ್ದು ಅಲ್ಲಿ. ಅದನ್ನು ಹುಡುಕಲು ಕಂಪ್ಯೂಟರ್ ಬೇಡ. ಗೋದಾಮಿಗೆ ಹೋಗಿ ಮಾಲು ಎತ್ತುವವರ ಜೊತೆ ಎರಡು ದಿನ ನಿಂತು, ಅವರು ಯಾವ ಮಾತು ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಕೇಳಿಸಿಕೊಳ್ಳಬೇಕು. ಬಿಳಿಹಲಗೆಯ ಮುಂದೆ ಚೌಕ ಬರೆದು ಬಾಣ ಎಳೆಯುವ ಸಭೆಗಳು ಇದರ ಜಾಗ ತುಂಬಲಾರವು.

ಗಡಿ ಸರಿಯಿದ್ದರೂ ಟ್ರಾನ್ಸಾಕ್ಷನ್ ಕಳೆದುಕೊಳ್ಳುವ ನಷ್ಟ ಇದ್ದೇ ಇದೆ. ಹುಬ್ಬಳ್ಳಿಗೆ ರಾತ್ರಿ ಬಸ್ಸಿನ ಸೀಟು ಕಾದಿರಿಸುವಾಗ ಬ್ಯಾಂಕಿನಿಂದ ಹಣ ಹೋಗಿ ಟಿಕೆಟ್ ಬಾರದ ಅನುಭವ ನಮಗೆಲ್ಲ ಆಗಿದೆ. ಬ್ಯಾಂಕಿನ ಡೇಟಾಬೇಸ್ ಬೇರೆ, ಬಸ್ಸಿನದು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಬದಲಿಸಲಾಗದು. ಹಾಗಾಗಿ ಸೀಟು ಸಿಗದಿದ್ದರೆ ಹಣ ವಾಪಸ್ ಎಂಬ ಇನ್ನೊಂದು ವ್ಯವಹಾರ, ನಡುವೆ ಕೆಲವು ದಿನದ ಕಾಯುವಿಕೆ. ಮೊನೊಲಿತ್ ಒಡೆದಾಗ ಇದುವರೆಗೆ ಒಳಗೇ ನಡೆಯುತ್ತಿದ್ದ ಪ್ರತಿಯೊಂದು ವ್ಯವಹಾರಕ್ಕೂ ಇದೇ ಗತಿ. ಬಿಲ್ ಆಯಿತು, ದಾಸ್ತಾನು ಸರ್ವಿಸ್ ಉತ್ತರ ಕೊಡಲಿಲ್ಲ, ಈಗ ಏನು? ಆಗಿದ್ದನ್ನು ರದ್ದುಮಾಡುವ ಎದುರು ವ್ಯವಹಾರಗಳ ಈ ಸರಪಳಿಗೆ ಸಾಗಾ ಎನ್ನುತ್ತಾರೆ. ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲಿ ಈ ವಿಚಾರ ಮಂಡಿಸಿದಾಗ ಅವರ ಗಮನವಿದ್ದದ್ದು ಡೇಟಾಬೇಸಿನಲ್ಲಿ ಬಹಳ ಹೊತ್ತು ಹಿಡಿಯುವ ಕೆಲಸಗಳ ಮೇಲೆ. ಕಾಲು ಶತಮಾನದ ನಂತರ ಅದು ಮೈಕ್ರೊಸರ್ವಿಸ್‌ಗಳ ಊರುಗೋಲಾಯಿತು. ರದ್ದುಮಾಡುವುದು ಎಂದರೆ ಏನು ಎಂದು ಮಾತ್ರ ಯಾವ ಪುಸ್ತಕವೂ ಹೇಳುವುದಿಲ್ಲ. ಗ್ರಾಹಕ ಆಗಲೇ ಸರಕು ಹಿಡಿದು ಮನೆಗೆ ಹೋಗಿದ್ದರೆ ಬಿಲ್ ರದ್ದು ಮಾಡಿ ಪ್ರಯೋಜನವೇನು? ಅದನ್ನು ತೀರ್ಮಾನಿಸಬೇಕಾದವರು ಅಂಗಡಿ ನಡೆಸುವವರು.

ಇದರೊಳಗೆ ಇನ್ನೊಂದು ಸೂಕ್ಷ್ಮ ಬಲೆ ಇದೆ. ಬಿಲ್ ಸರ್ವಿಸ್ ತನ್ನ ಡೇಟಾಬೇಸಿಗೆ ಬರೆದು, ಆಮೇಲೆ ಉಳಿದವರಿಗೆ ‘ಬಿಲ್ ಆಯಿತು’ ಎಂಬ ಸಂದೇಶ ಕಳಿಸುತ್ತದೆ ಎಂದುಕೊಳ್ಳಿ. ಬರೆದು ಕಳಿಸುವ ನಡುವೆ ಸರ್ವರ್ ಬಿದ್ದರೆ? ಬಿಲ್ ಇದೆ, ಸುದ್ದಿ ಇಲ್ಲ. ನಮ್ಮಲ್ಲಿ ಮೂರು ವಾರ ದಾಸ್ತಾನು ಲೆಕ್ಕ ದಿನಕ್ಕೆ ನಾಲ್ಕೈದು ಸರಕಿನಷ್ಟು ತಪ್ಪುತ್ತಿತ್ತು; ಕಾರಣ ಇದೇ ಎಂದು ಗೊತ್ತಾಗಲು ಆ ಮೂರು ವಾರವೇ ಹಿಡಿಯಿತು. ಪರಿಹಾರ ಸರಳ: ಸಂದೇಶವನ್ನೂ ಬಿಲ್ಲಿನ ಜೊತೆಗೇ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಔಟ್‌ಬಾಕ್ಸ್ ಎಂಬ ಟೇಬಲ್ಲಿಗೆ ಬರೆದಿಡುವುದು, ಇನ್ನೊಂದು ಪ್ರೋಗ್ರಾಮ್ ಅಲ್ಲಿಂದ ಓದಿ ಕಳಿಸುವುದು. ಆಗ ಸಂದೇಶ ಎರಡು ಸಲ ಹೋಗಬಹುದು, ಆದರೆ ತಪ್ಪಿಹೋಗುವುದಿಲ್ಲ. ಪಡೆಯುವವರು ಒಂದೇ ಸುದ್ದಿ ಎರಡು ಸಲ ಬಂದರೂ ಒಂದೇ ಸಲ ಲೆಕ್ಕ ಹಿಡಿಯುವಂತಿರಬೇಕು. ಈ ವೃತ್ತಿಗೆ ಹೊಸಬರಾದವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು.

ಒಡೆದ ಮೇಲಿನ ಖರ್ಚಿನ ಲೆಕ್ಕವೂ ಇರಲಿ. ಒಂದು ಪ್ರೋಗ್ರಾಮಿನೊಳಗೆ ಒಂದು ಫಂಕ್ಷನ್ ಇನ್ನೊಂದನ್ನು ಕರೆಯಲು ಕೆಲವು ನ್ಯಾನೊಸೆಕೆಂಡು ಸಾಕು. ಅದೇ ಕರೆ ನೆಟ್‌ವರ್ಕ್ ದಾಟಿ ಹೋಗಿ ಬರಲು ಒಂದೇ ಡೇಟಾ ಸೆಂಟರಿನೊಳಗಾದರೂ ಸುಮಾರು ಅರ್ಧ ಮಿಲಿಸೆಕೆಂಡು. ಲಕ್ಷ ಪಟ್ಟು ವ್ಯತ್ಯಾಸ. ಇನ್ನು ನಂಬಿಕೆಯ ಲೆಕ್ಕ. ಒಂದೊಂದು ಸರ್ವಿಸ್ಸೂ ಶೇ. 99.9 ಹೊತ್ತು ಎದ್ದಿರುತ್ತದೆ ಎನ್ನಿ. ತಿಂಗಳಿಗೆ 43 ನಿಮಿಷ ಮಲಗಿದರೆ ಕೇಳಲು ಚೆನ್ನಾಗಿಯೇ ಇದೆ. ಆದರೆ ಒಂದು ಬಿಲ್ ಆಗಲು ಇಂಥ 30 ಸರ್ವಿಸ್‌ಗಳು ಒಂದರ ಹಿಂದೊಂದು ಉತ್ತರಿಸಬೇಕಾದರೆ ಒಟ್ಟು ಶೇ. 97ಕ್ಕೆ ಇಳಿಯುತ್ತದೆ. ತಿಂಗಳಿಗೆ 21 ಗಂಟೆ ಬಿಲ್ ಆಗುವುದಿಲ್ಲ. ನೆಟ್‌ವರ್ಕ್ ಎಂದೂ ಕೈಕೊಡುವುದಿಲ್ಲ, ಅದರಲ್ಲಿ ವಿಳಂಬವೇ ಇಲ್ಲ ಎಂದು ನಂಬಿ ಸಾಫ್ಟ್‌ವೇರ್ ಬರೆಯುವ ತಪ್ಪನ್ನು ಸನ್ ಮೈಕ್ರೊಸಿಸ್ಟಮ್ಸ್‌ನ ಪೀಟರ್ ಡಾಯ್ಚ್ 1994ರಲ್ಲೇ ಪಟ್ಟಿ ಮಾಡಿದ್ದರು. ಪಟ್ಟಿ ಇವತ್ತಿಗೂ ಹಳತಾಗಿಲ್ಲ.

ಊಬರ್ 2020ರಲ್ಲಿ ತನ್ನ ಅನುಭವ ಬರೆದಾಗ ಅದರಲ್ಲಿ ಸುಮಾರು 2200 ಮುಖ್ಯ ಮೈಕ್ರೊಸರ್ವಿಸ್‌ಗಳಿದ್ದವು. ಒಂದು ತಪ್ಪಿನ ಮೂಲ ಹುಡುಕಲು ಎಂಜಿನಿಯರ್ ಒಬ್ಬರು ಹನ್ನೆರಡು ತಂಡಗಳ ಐವತ್ತರಷ್ಟು ಸರ್ವಿಸ್‌ಗಳನ್ನು ಜಾಲಾಡಬೇಕಾಗಿತ್ತು. ಅವರು ಕೊನೆಗೆ ಮಾಡಿದ್ದೇನು? ಅವನ್ನೆಲ್ಲ 70 ವಲಯಗಳಾಗಿ ಗುಂಪು ಮಾಡಿ, ವಲಯಕ್ಕೊಂದು ಹೆಬ್ಬಾಗಿಲು ಇಟ್ಟರು. ಬೇಲಿ ಹಾಕಿ ಮುಗಿದ ಮೇಲೆ ಹದ್ದುಬಸ್ತು ಮಾಡಿಸಿದಂತೆ.

ಹಿಂದಕ್ಕೆ ಬಂದವರೂ ಇದ್ದಾರೆ. ಗ್ರಾಹಕರ ಮಾಹಿತಿಯನ್ನು ಬೇರೆ ಬೇರೆ ಕಂಪನಿಗಳ ಸಲಕರಣೆಗಳಿಗೆ ತಲುಪಿಸುವ ಸೆಗ್ಮೆಂಟ್ ಎಂಬ ಕಂಪನಿ, ತಲುಪಬೇಕಾದ ಒಂದೊಂದು ಜಾಗಕ್ಕೂ ಒಂದೊಂದು ಸರ್ವಿಸ್ ಮಾಡಿಕೊಂಡಿತ್ತು. ಅದು 140 ದಾಟಿತು. ಎಲ್ಲವೂ ಬಳಸುತ್ತಿದ್ದ ಲೈಬ್ರರಿಯ ಆವೃತ್ತಿಗಳು ಒಂದೊಂದರಲ್ಲಿ ಒಂದೊಂದಾಗಿ, ಮೂವರು ಎಂಜಿನಿಯರುಗಳ ಹೊತ್ತು ಬಹುಪಾಲು ಅವನ್ನು ಎಬ್ಬಿಸಿ ನಿಲ್ಲಿಸುವುದಕ್ಕೇ ಹೋಗುತ್ತಿತ್ತು. 2018ರಲ್ಲಿ ಅವರು ಎಲ್ಲವನ್ನೂ ಒಂದೇ ಸರ್ವಿಸ್ಸಾಗಿ ಸೇರಿಸಿದ ಕತೆಯನ್ನು ಮುಚ್ಚುಮರೆಯಿಲ್ಲದೆ ಬರೆದರು. ಅಮೆಜಾನ್ ಪ್ರೈಮ್ ವಿಡಿಯೊ 2023ರಲ್ಲಿ ಬರೆದದ್ದು ಇನ್ನೂ ಹೆಚ್ಚು ಸುದ್ದಿಯಾಯಿತು. ವಿಡಿಯೊ ಗುಣಮಟ್ಟ ಪರೀಕ್ಷಿಸುವ ಒಂದು ಸಲಕರಣೆಯನ್ನು ಚೂರುಗಳಿಂದ ಒಂದೇ ಪ್ರೋಗ್ರಾಮಿಗೆ ತಂದಾಗ ಅದರ ಖರ್ಚು ಶೇ. 90ರಷ್ಟು ಇಳಿಯಿತು. ವಿಡಿಯೊದ ಒಂದೊಂದು ಚೌಕಟ್ಟನ್ನೂ ಒಂದು ಚೂರು ಎಲ್ಲೋ ಬರೆದಿಡುವುದು, ಇನ್ನೊಂದು ಅಲ್ಲಿಂದ ಎತ್ತಿಕೊಳ್ಳುವುದು: ಹಣ ಸುರಿದದ್ದು ಅಲ್ಲಿ. ಅಮೆಜಾನೇ ಮೈಕ್ರೊಸರ್ವಿಸ್ ಕೈಬಿಟ್ಟಿತು ಎಂದು ಅದನ್ನು ಓದಿದವರು ತಪ್ಪು ಓದಿದರು. ಬದಲಾದದ್ದು ಒಂದು ಸಲಕರಣೆ ಮಾತ್ರ. ಒಟ್ಟಿಗೇ ಇರಬೇಕಾದದ್ದನ್ನು ಬೇರೆ ಮಾಡಿದ್ದರು, ಮತ್ತೆ ಸೇರಿಸಿದರು.

ನಡುವಿನ ದಾರಿಯೊಂದಿದೆ, ನನ್ನ ಒಲವು ಅದರ ಕಡೆ. ಶಾಪಿಫೈ ಕಂಪನಿಯ ಮುಖ್ಯ ಅಪ್ಲಿಕೇಶನ್ ರೂಬಿ ಭಾಷೆಯ 28 ಲಕ್ಷಕ್ಕೂ ಹೆಚ್ಚು ಸಾಲುಗಳ ಮೊನೊಲಿತ್. ಅವರು ಅದನ್ನು ಒಡೆಯದೆ, ಒಳಗೇ ಭಾಗಗಳ ಗಡಿ ಗುರುತಿಸಿ, ಒಂದು ಭಾಗದ ಕೋಡ್ ಅನುಮತಿಯಿಲ್ಲದೆ ಇನ್ನೊಂದರ ಒಳಗೆ ಕೈಹಾಕಿದರೆ ಎಚ್ಚರಿಸುವ ಸಲಕರಣೆಯನ್ನು ತಾವೇ ಮಾಡಿಕೊಂಡರು. ಇದಕ್ಕೆ ಮಾಡ್ಯುಲರ್ ಮೊನೊಲಿತ್ ಎಂದು ಹೆಸರು. ಫೌಲರ್ ಕೂಡ 2015ರಲ್ಲಿ, ಮೊದಲು ಮೊನೊಲಿತ್ ಕಟ್ಟಿ, ಗಡಿಗಳು ತಿಳಿದ ಮೇಲೆ ಒಡೆಯಿರಿ ಎಂದು ಬರೆದರು. ಅವರದೇ ತಾಣದಲ್ಲಿ ಸ್ಟೆಫಾನ್ ಟಿಲ್ಕೋವ್ ಇದನ್ನು ಖಂಡಿಸಿದರು: ಒಂದೇ ಕಡೆ ಬೆಳೆದ ಭಾಗಗಳು ಬೇರು ಹೆಣೆದುಕೊಂಡುಬಿಡುತ್ತವೆ, ಆಮೇಲೆ ಬಿಡಿಸಲಾಗದು. ಈ ಆಕ್ಷೇಪ ಹಗುರವಾದದ್ದಲ್ಲ. ನಮ್ಮ ತೆರಿಗೆ ಲೆಕ್ಕ ಹೆಣೆದುಕೊಂಡಿದ್ದೂ ಹಾಗೆಯೇ. ಆದರೆ ಹೆಣೆದುಕೊಂಡದ್ದನ್ನು ಒಳಗೆ ಬಿಡಿಸಲಾಗದ ತಂಡ ನೆಟ್‌ವರ್ಕ್ ಎಳೆದು ಬಿಡಿಸುತ್ತದೆ ಎಂದು ನಂಬಲು ನನಗೆ ಆಧಾರ ಕಂಡಿಲ್ಲ.

ಬೆಂಗಳೂರಿಗೆ ಇದು ದೂರದ ಚರ್ಚೆಯಲ್ಲ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ನಡೆದಾಗ ತಾಣ ತತ್ತರಿಸಿ, ತೆಗೆದುಕೊಂಡ ಆರ್ಡರ್‌ಗಳೇ ರದ್ದಾಗಿ, ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದ್ದರು. ಒಂದು ದಿನದ ಜನಸಾಗರ ಎಂದರೇನು ಎಂದು ಈ ಊರಿನ ಎಂಜಿನಿಯರುಗಳಿಗೆ ಅಂದು ಚೆನ್ನಾಗಿ ತಿಳಿಯಿತು. ಇವತ್ತು ಅಮೆರಿಕ, ಯುರೋಪಿನ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಸಿಸ್ಟಮ್‌ಗಳನ್ನು ಒಡೆಯುವ ಕೆಲಸದಲ್ಲಿ ಬೆಂಗಳೂರು, ಮೈಸೂರು, ಮಂಗಳೂರಿನ ಸಾವಿರಾರು ಮಂದಿ ತೊಡಗಿದ್ದಾರೆ. ಅವರಿಗೆ ಒಂದು ಮಾತು: ತಂಡದಲ್ಲಿ ಹತ್ತಿಪ್ಪತ್ತು ಜನರಷ್ಟೇ ಇದ್ದು, ಒಬ್ಬರ ರಿಲೀಸಿಗೆ ಇನ್ನೊಬ್ಬರು ಕಾಯುವ ತೊಂದರೆ ಇಲ್ಲದಿದ್ದರೆ, ಗ್ರಾಹಕರು ಮೈಕ್ರೊಸರ್ವಿಸ್ ಕೇಳಿದರೂ ಬೇಡವೆಂದು ಹೇಳುವ ಧೈರ್ಯ ತೋರಿ. ಯಾವ ಭಾಗಕ್ಕೆ ಮಾತ್ರ ಹೆಚ್ಚು ಹೊರೆ ಬೀಳುತ್ತದೆ, ಯಾವುದು ಮಾತ್ರ ವಾರಕ್ಕೆ ಹತ್ತು ಸಲ ಬದಲಾಗುತ್ತದೆ ಎಂದು ಅಳೆದು ನೋಡಿ. ಅಂಥ ಒಂದೆರಡನ್ನು ಹೊರತೆಗೆದರೆ ಎಷ್ಟೋ ಕಡೆ ಅಲ್ಲಿಗೇ ಕೆಲಸ ಮುಗಿಯುತ್ತದೆ.

ನಾವು ನಮ್ಮ ಐದು ಸರ್ವಿಸ್‌ಗಳಲ್ಲಿ ಬಿಲ್, ವಾಪಸಾತಿ, ವರದಿ ಮೂರನ್ನು 2020ರಲ್ಲಿ ಮತ್ತೆ ಒಂದೇ ಪ್ರೋಗ್ರಾಮಿಗೆ ಸೇರಿಸಿದೆವು. ದಾಸ್ತಾನು ಮತ್ತು ಪಾಯಿಂಟ್ ಹೊರಗೇ ಉಳಿದವು, ಅವುಗಳ ಗಡಿ ಸರಿಯಿತ್ತು. ತೆರಿಗೆಗೆ ಒಂದೇ ಭಾಗ ಮಾಡಿ, ಸರಕಿನ ಎಚ್‌ಎಸ್‌ಎನ್ ಸಂಖ್ಯೆ, ದರ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ನಾಲ್ಕು ಕಾಲಮ್ಮಿನ ಟೇಬಲ್ ಅದರ ವಶಕ್ಕೆ ಕೊಟ್ಟೆವು. ಬೇರೆ ಯಾರೂ ಅದನ್ನು ಓದುವಂತಿಲ್ಲ, ಕೇಳಬೇಕು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಮತ್ತೆ ಬದಲಾದವು. ಶಾಂಪೂ, ಟೂತ್‌ಪೇಸ್ಟ್, ಸೋಪು ಶೇ. 18ರಿಂದ 5ಕ್ಕೆ ಬಂದವು. 21ರಂದು ಕೊಂಡ ಶಾಂಪೂ 25ರಂದು ವಾಪಸ್ ಬಂದರೆ ಹಳೆಯ 18ರ ಲೆಕ್ಕದಲ್ಲೇ ಹಣ ಕೊಡಬೇಕು. ಟೇಬಲ್ಲಿಗೆ ಹೊಸ ಸಾಲುಗಳನ್ನು ಸೇರಿಸಿದ್ದು ತಂಡಕ್ಕೆ ಸೇರಿ ಆರು ತಿಂಗಳಾಗಿದ್ದ ಒಬ್ಬ ಹುಡುಗಿ. 21ರ ರಾತ್ರಿ ಆಫೀಸಿನಲ್ಲಿ ಯಾರೂ ಕೂತಿರಲಿಲ್ಲ.